ಸರಸ ಪದ, ಪೋಲಿ ಪದ

ಶೃಂಗಾರವನ್ನು ರಸರಾಜನೆಂದು ಕೊಂಡಾಡಿ ಸಿಂಹಾಸನದ ಮೇಲೆ ಕುಳ್ಳಿರಿಸಿದ ನಮ್ಮ ಆಲಂಕಾರಿಕರೇ ಗ್ರಾಮ್ಯವನ್ನೂ ಅಶ್ಲೀಲವನ್ನೂ ಕಾವ್ಯದೋಷಗಳ ಸಾಲಿಗೆ ಸೇರಿಸಿ ಹೆಬ್ಬಾಗಿಲಿನಿಂದಾಚೆಗೆ ನಿಲ್ಲಿಸಿದರು. ಹಾಗೆ ಹೊರಗೆ ನಿಂತವುಗಳಿಗೆ ಊರಿನಲ್ಲಿ ನೆಲೆಯಿಲ್ಲದೆ ಹೋಗಲಿಲ್ಲ. ಕಾಮನ ಹುಣ್ಣಿಮೆಯ ಬೀದಿ, ಬೀಗರು ಬಂದಿಳಿದ ಚಪ್ಪರ, ಊರಮ್ಮನ ಗುಡಿಯ ಮುಂದಣ ಬಯಲು, ತೊಗಲುಗೊಂಬೆಯ ಪರದೆ, ಇಷ್ಟು ಎಡೆಗಳಲ್ಲಿ ಅವು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಒಡೆಯರಂತೆಯೇ ನಡೆದುಕೊಂಡು, ಮಿಕ್ಕ ದಿನಗಳಲ್ಲಿ ಯಾರ ಕಣ್ಣಿಗೂ ಬೀಳದೆ ಮರೆಯಾಗಿರುತ್ತಿದ್ದವು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸುತ್ತಣ ಎರೆಭೂಮಿಯಲ್ಲಿ ಕನ್ನಡವೂ ತೆಲುಗೂ ದಖನಿಯೂ ಒಂದೇ ಸಂತೆಯಲ್ಲಿ ಮಾತಾಡಿಕೊಳ್ಳುವುದರಿಂದ, ಈ ಹಾಡುಗಳು ಮೂರು ನಾಲಿಗೆಗಳ ಉಪ್ಪುಖಾರವನ್ನು ಕೂಡಿಸಿಕೊಂಡು ಬೆಳೆದವೆಂಬುದು ಈ ಸೀಮೆಯ ವಿಶೇಷ.

ಇಂಥ ಹಾಡುಗಳನ್ನು ಕುರಿತು ಬರೆಯಹೊರಟವನು ಎಲಿಜಬೆತ್ ರಾಣಿಯ ಇಂಗ್ಲೆಂಡನ್ನು ಹೋಲಿಕೆಗೆ ಕರೆತರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಕಾಲಗಣನೆಯನ್ನು ನೋಡಿದರೆ ಆ ನೆರೆಹೊರೆ ಅಷ್ಟು ದೂರದ್ದಲ್ಲ. ಆಕೆ ಪಟ್ಟವೇರಿದ್ದು 1558ರಲ್ಲಿ. ಅದಕ್ಕೆ ತುಸು ಮುನ್ನವೇ ಮೂಡಬಿದಿರೆಯ ರತ್ನಾಕರವರ್ಣಿಯು, ತ್ಯಾಗಿಯಾದ ಚಕ್ರವರ್ತಿಯ ಕಥೆಯಲ್ಲಿ ದಾಂಪತ್ಯದ ಶೃಂಗಾರವನ್ನು ಸಂಕೋಚವಿಲ್ಲದೆ ತುಂಬಿ, ಹಾಡುವುದಕ್ಕೆಂದೇ ಹುಟ್ಟಿದ ಸಾಂಗತ್ಯದಲ್ಲಿ ಭರತೇಶವೈಭವವನ್ನು ರಚಿಸಿದ್ದನು. ಷೇಕ್ಸ್‌ಪಿಯರನು ಹುಟ್ಟಿದ 1564ನೆಯ ವರ್ಷವೇ, ಸಂಪ್ರದಾಯವು ನಂಬುವಂತೆ, ಪುರಂದರದಾಸರು ದೇಹವಿಟ್ಟ ವರ್ಷ; ಅದರ ಮರುವರ್ಷ ತಾಳಿಕೋಟೆಯ ಯುದ್ಧವಾಗಿ ವಿಜಯನಗರವು ಹಾಳಾಯಿತು. ಇನ್ನೂರ ಮೂವತ್ತೈದು ವರ್ಷಗಳ ತರುವಾಯ, 1800ರಲ್ಲಿ, ನಿಜಾಮನು ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟಾಗ ಅದೇ ಇಂಗ್ಲಿಷರು ಇಲ್ಲಿಗೆ ಆಳುವವರಾಗಿ ಬಂದರು. ಬರುವಾಗ ಷೇಕ್ಸ್‌ಪಿಯರನನ್ನು ತಂದರು, ಬೈಬಲನ್ನು ತಂದರು, ದಂಡಸಂಹಿತೆಯನ್ನು ತಂದರು. ತಮ್ಮ ಅಜ್ಜಂದಿರು ಸೇಂದಿಯಂಗಡಿಗೆ ಸಮನಾದ ಪಾನಗೃಹಗಳಲ್ಲಿ ಹಾಡಿಕೊಳ್ಳುತ್ತಿದ್ದ ಪದಗಳನ್ನು ಮಾತ್ರ ಊರಲ್ಲಿಯೇ ಬಿಟ್ಟುಬಂದರು.

ವಿಜಯನಗರದಲ್ಲಿ ವಸಂತೋತ್ಸವವು ಅರಮನೆಯ ಹಬ್ಬವೂ ಹೌದು, ಬೀದಿಯ ಹಬ್ಬವೂ ಹೌದು. 1420ರ ಆಸುಪಾಸಿನಲ್ಲಿ ಈ ನಗರವನ್ನು ಕಂಡ ವೆನಿಸ್ ಸೀಮೆಯ ನಿಕೊಲೊ ಕೊಂಟಿಯು, ಒಂದು ಹಬ್ಬದ ಮೂರು ದಿನ ದಾರಿಯ ಬದಿಯಲ್ಲಿಟ್ಟ ಕೇಸರಿಯ ನೀರನ್ನು ಹಾದುಹೋಗುವವರ ಮೇಲೆಲ್ಲ, ರಾಜನನ್ನೂ ರಾಣಿಯನ್ನೂ ಬಿಡದೆ, ಎರಚುತ್ತಿದ್ದರೆಂದೂ ಎಲ್ಲರೂ ಅದನ್ನು ನಗುನಗುತ್ತಲೇ ಸಹಿಸುತ್ತಿದ್ದರೆಂದೂ ಹೇಳಿದ್ದಾನೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿಯೂ ಹಜಾರ ರಾಮನ ಗುಡಿಯ ಪ್ರಾಕಾರದ ಹೊರಮೈಯಲ್ಲಿಯೂ ನೀರೆರಚಾಡುವ ಹೆಂಗಸರು ಇಂದಿಗೂ ನಿಂತಿದ್ದಾರೆ. ಅರಸನ ಮೈಮೇಲೆ ಬಣ್ಣದ ನೀರು ಬೀಳಬಹುದಾದ ದಿನವೊಂದಿತ್ತೆಂದ ಮೇಲೆ, ಆ ದಿನ ಅವನ ಕಿವಿಯ ಮೇಲೆ ಎಂಥ ಮಾತು ಬಿದ್ದಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಶಿಲ್ಪಿಯು ಹಾಡನ್ನು ಕೆತ್ತಲಾರನು.

ಅರಮನೆ ಅಳಿದರೂ ಫಾಲ್ಗುಣದ ಹುಣ್ಣಿಮೆ ಅಳಿಯಲಿಲ್ಲ. ಕುರುಗೋಡು ಶಿವನ ಊರು. ಹನ್ನೆರಡನೆಯ ಶತಮಾನದ ಸಿಂದ ಅರಸರ ಶಾಸನಗಳೂ ಗುಡಿಗಳೂ ಬೆಟ್ಟದ ಬುಡದಲ್ಲೆಲ್ಲ ಹರಡಿವೆ. ಅಲ್ಲಿಯ ದೊಡ್ಡ ಬಸವೇಶ್ವರನು ಒಂದೇ ಕಲ್ಲಿನಲ್ಲಿ ಮೂಡಿದ ಮಹಾಕಾಯನು. ಅವನ ತೇರು ಸಾಗುವುದೂ ಹೋಳಿಯ ಆಸುಪಾಸಿನಲ್ಲಿಯೇ. ಕಾಮನನ್ನು ಕಣ್ಣುರಿಯಿಂದ ಸುಟ್ಟವನ ವಾಹನದ ಮುಂದೆ ಭಕ್ತಿಯಿಂದ ಕೈಮುಗಿದ ಹುಡುಗರೇ ಆ ಬೇಸಗೆಯ ಮೊದಲ ರಾತ್ರಿಗಳಲ್ಲಿ ಕಾಮಣ್ಣನ ಪಕ್ಷ ಹಿಡಿದು ಹಲಿಗೆ ಬಾರಿಸುತ್ತ, ಮನೆಮನೆಯ ಹಿತ್ತಲಿನಿಂದ ಕಟ್ಟಿಗೆಯನ್ನೂ ಕುಳ್ಳನ್ನೂ ಕದ್ದು, ಬಾಯಿಯ ಮೇಲೆ ಕೈ ಬಡಿದುಕೊಂಡು ಬೊಬ್ಬೆಯಿಡುತ್ತ, ಊರ ಹಿರಿಯರ ಹೆಸರು ಹಿಡಿದು ಹೇಳಬಾರದ್ದನ್ನೆಲ್ಲ ಹೇಳುತ್ತ ತಿರುಗುತ್ತಿದ್ದರು. ಕದಿಯುವುದು ಅಂದು ಕಳವಲ್ಲ, ಬೈಯುವುದು ಅಂದು ಬೈಗುಳಲ್ಲ. ತನ್ನ ಬಾಗಿಲಿಗೆ ಬಂದು ಹಾಡದೆ ಹೋದರೆ ತಾನೇನು ಊರಿನವನಲ್ಲವೇ ಎಂದು ಮುನಿಸಿಕೊಳ್ಳುವ ಗೌಡರೂ ಇದ್ದರೆಂದು ಹಿರಿಯರ ಮಾತು. ಬೆಂಕಿ ಬಿದ್ದು, ರತಿಯ ಗೋಳಾಟದ ಅಣಕವೂ ಮುಗಿದು, ಮರುದಿನದ ಓಕುಳಿಯಾಡಿ, ಮೈತೊಳೆದುಕೊಂಡ ಕ್ಷಣಕ್ಕೆ ಆ ಪದಗಳ ಅಧಿಕಾರ ಮುಗಿಯುತ್ತಿತ್ತು. ಮೂರು ದಿನ ಕಳೆದ ಮೇಲೆ ಅದೇ ಪದವನ್ನು ಅದೇ ಹುಡುಗನು ಅದೇ ಬೀದಿಯಲ್ಲಿ ಎತ್ತಿದರೆ ಅವನ ಬೆನ್ನ ಮೇಲೆ ಹುಣಸೆಬರಲು ಬೀಳುವುದು ನಿಶ್ಚಯವಾಗಿತ್ತು.

ಎಲಿಜಬೆತಳ ಇಂಗ್ಲೆಂಡಿನಲ್ಲಿಯೂ ಇದೇ ಬಗೆಯ ತಿಥಿಗಳಿದ್ದವು. ಮೇ ತಿಂಗಳ ಮೊದಲ ದಿನ ಹಳ್ಳಿಯ ತರುಣ ತರುಣಿಯರು ಕಾಡಿಗೆ ಹೋಗಿ ಹೂಬಿಟ್ಟ ಕೊಂಬೆಗಳನ್ನೂ ಎತ್ತರದ ಕಂಬವನ್ನೂ ತಂದು ಕುಣಿದು ಹಾಡುವುದನ್ನು ಕಂಡು ಸಿಡಿಮಿಡಿಗೊಂಡ ಫಿಲಿಪ್ ಸ್ಟಬ್ಸ್ ಎಂಬ ಶುದ್ಧಾಚಾರವಾದಿ 1583ರಲ್ಲಿ ಒಂದು ದೊಡ್ಡ ಖಂಡನಗ್ರಂಥವನ್ನೇ ಬರೆದನು. ಇಂದು ಆ ಹಬ್ಬದ ವಿವರ ಬೇಕಾದವರು ಮೊದಲು ತೆರೆಯುವುದು ಅವನ ಗ್ರಂಥವನ್ನೇ ಎಂಬುದು ಅವನಿಗೆ ವಿಧಿ ಕೊಟ್ಟ ಶಿಕ್ಷೆ. ನಮ್ಮಲ್ಲಿ ಇಲ್ಲದೆ ಅವರಲ್ಲಿ ಇದ್ದದ್ದು ಅಚ್ಚುಮೊಳೆ. ಒಂದೇ ಹಾಳೆಯ ಒಂದು ಮಗ್ಗುಲಲ್ಲಿ ಲಾವಣಿಯನ್ನು ಮುದ್ರಿಸಿ, ಮೇಲೊಂದು ಮರದಚ್ಚಿನ ಚಿತ್ರವನ್ನಿಟ್ಟು, ಯಾವ ಮಟ್ಟಿನಲ್ಲಿ ಹಾಡಬೇಕೆಂಬುದನ್ನು ಸೂಚಿಸಿ, ಒಂದು ಪೆನ್ನಿಗೆ ಮಾರುತ್ತಿದ್ದರು. ಜಾತ್ರೆಯಿಂದ ಜಾತ್ರೆಗೆ ಇವನ್ನು ಹೊತ್ತು ತಿರುಗುವ ವ್ಯಾಪಾರಿಯನ್ನು ಷೇಕ್ಸ್‌ಪಿಯರನು ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಆಟೊಲಿಕಸ್ ಎಂಬ ಹೆಸರಿನಿಂದ ತಂದಿದ್ದಾನೆ. ಅವನ ಹಾಡುಗಳಲ್ಲಿ ಪೋಲಿತನ ಎಳ್ಳಷ್ಟೂ ಇಲ್ಲವೆಂದು ಪ್ರಮಾಣ ಮಾಡುವ ಮುಗ್ಧ ಆಳೊಬ್ಬನು, ಇಲ್ಲವೆನ್ನುತ್ತಲೇ ಇರುವುದನ್ನೆಲ್ಲ ಬಾಯಿಬಿಡುತ್ತಾನೆ. ನಮ್ಮ ಜಾತ್ರೆಗಳಲ್ಲಿ ಬಳೆ, ಬತ್ತಾಸುಗಳ ನಡುವೆ ತೆಳ್ಳನೆಯ ಪದಗಳ ಪುಸ್ತಕಗಳನ್ನು ಹರಡಿಕೊಂಡು ಕೂಡುವವರನ್ನು ಕಂಡವರಿಗೆ ಆಟೊಲಿಕಸನು ಅಪರಿಚಿತನಲ್ಲ.

ಆದರೆ ಆ ಕಾಲದ ಹಾಡುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವುಗಳ ಪೋಲಿತನವೂ ಅಲ್ಲ, ಮಾಧುರ್ಯವೂ ಅಲ್ಲ. ಅವುಗಳಿಗೆ ಉತ್ತರ ಬರುತ್ತಿತ್ತೆಂಬ ಸಂಗತಿ. 1580ರ ಸೆಪ್ಟೆಂಬರ್ 3ರಂದು ಲಂಡನ್ನಿನ ಪುಸ್ತಕವ್ಯಾಪಾರಿಗಳ ದಫ್ತರದಲ್ಲಿ, ಹಸಿರುತೋಳಿನ ಹೆಂಗಸೊಬ್ಬಳನ್ನು ಕುರಿತ ‘ಗ್ರೀನ್‌ಸ್ಲೀವ್ಸ್’ ಎಂಬ ಲಾವಣಿಯನ್ನು ಒಬ್ಬ ಮುದ್ರಕನು ದಾಖಲಿಸಿದನು. ಅದೇ ದಿನ, ಅದೇ ದಫ್ತರದಲ್ಲಿ, ಮತ್ತೊಬ್ಬನು ಆ ಹೆಂಗಸು ಕೊಟ್ಟ ಮರುಮಾತೆಂದು ಬೇರೊಂದು ಲಾವಣಿಯನ್ನು ದಾಖಲಿಸಿದನು. ನನ್ನೊಡನೆ ಬಾ ಎಂದು ಕುರುಬನೊಬ್ಬನು ಪ್ರೇಯಸಿಯನ್ನು ಕರೆಯುವ ಮಾರ್ಲೋವಿನ ಪದ್ಯಕ್ಕೆ, ಬಾರೆನೆಂದು ಆಕೆಯ ಬಾಯಿಂದ ಬಲು ಜಾಣತನದ ಉತ್ತರವೊಂದನ್ನು ವಾಲ್ಟರ್ ರ‍್ಯಾಲಿ ಬರೆದನೆಂದು ಪ್ರತೀತಿ. 1600ರ ಒಂದು ಸಂಕಲನದಲ್ಲಿ ಎರಡೂ ಒಟ್ಟಿಗೆ ಅಚ್ಚಾದವು. ಉತ್ತರವನ್ನು ಬರೆದವನೂ ಗಂಡಸೇ ಎಂಬ ಕೊಂಕನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಆದರೂ ಹಾಡೆಂಬುದು ಇಬ್ಬರ ನಡುವಣ ವ್ಯವಹಾರವೆಂದೂ ಕೆಣಕಿದವನು ಕೆಣಕಿಸಿಕೊಳ್ಳಲು ಸಿದ್ಧನಿರಬೇಕೆಂದೂ ಆ ಕಾಲಕ್ಕೆ ತಿಳಿದಿತ್ತು.

ಕನ್ನಡದ ಹಾಡುಗಾರರಿಗೆ ಈ ಧರ್ಮವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬಡಗಣ ಸೀಮೆಯ ಲಾವಣಿಕಾರರಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಂಗಡಗಳು. ಒಂದು ಗಂಡು ಹೆಚ್ಚೆನ್ನುವುದು, ಇನ್ನೊಂದು ಹೆಣ್ಣು ಹೆಚ್ಚೆನ್ನುವುದು. ಶಿವಶಕ್ತಿಯರ ತತ್ತ್ವದಿಂದ ಮೊದಲಾದ ವಾದವು ನಡುರಾತ್ರಿಯ ಹೊತ್ತಿಗೆ ಅಡುಗೆಮನೆಗೂ ಹಾಸಿಗೆಗೂ ಇಳಿದು, ಬೆಳಗಿನ ಜಾವಕ್ಕೆ ಮತ್ತೆ ಕೈಲಾಸಕ್ಕೇರುವುದು. ಮದುವೆಯ ಚಪ್ಪರದಲ್ಲಂತೂ ಗಂಡಸರಿಗೆ ಕೆಲಸವೇ ಇಲ್ಲ. ಬೀಗಿತ್ತಿಯರು ಎರಡು ಸಾಲಾಗಿ ಕುಳಿತು, ಒಂದು ಪಕ್ಷದವರು ವರನ ತಾಯಿಯ ನಡೆನುಡಿಯನ್ನೂ ಅವನ ಸೋದರಮಾವನ ಹೊಟ್ಟೆಯನ್ನೂ ಹಾಡಿನಲ್ಲಿ ಹರಾಜಿಗಿಟ್ಟರೆ, ಇನ್ನೊಂದು ಪಕ್ಷದವರು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿದು ಉತ್ತರ ಕೊಡುವರು. ಮುತ್ತೈದೆಯರೂ ಅಜ್ಜಿಯರೂ ಕೂಡಿ ಹಾಡುವ ಈ ಪದಗಳಲ್ಲಿ ಬರುವ ಮಾತುಗಳನ್ನು ಕೇಳಿ ಕೆಂಪೇರುವವರು ಗಂಡಸರೇ. ಒಡಪು ಹೇಳಿ ಗಂಡನ ಹೆಸರನ್ನು ಬಿಚ್ಚಬೇಕಾದ ಮದುಮಗಳ ಒಡಪಿನಲ್ಲಿ ಸರಸವು ಇನ್ನೂ ಮಡಿಯುಟ್ಟುಕೊಂಡಿರುತ್ತದೆ. ನಾಲ್ಕು ಮಕ್ಕಳ ತಾಯಿಯನ್ನು ಬಲವಂತಪಡಿಸಿ ಒಡಪು ಹೇಳಿಸಿದಾಗ ಆ ಮಡಿ ಎಲ್ಲಿರುತ್ತದೆಯೋ ಹೇಳಲಾಗದು. ಸಿರುಗುಪ್ಪ, ದೇಶನೂರುಗಳ ಕಡೆಯಲ್ಲಿ, ವಿಜಯನಗರದ ಅರಸರ ಕಾಲದಿಂದ ಹರಿದುಬಂದ ಕಾಲುವೆಗಳ ಕೆಳಗಣ ಗದ್ದೆಗಳಲ್ಲಿ ಸಾಲುಹಿಡಿದು ನಾಟಿ ಮಾಡುವ ಹೆಂಗಸರಿಗೂ ಇದೇ ಬಾಯಿ. ಬದುವಿನ ಮೇಲೆ ಒಂಟಿಯಾಗಿ ನಡೆದುಹೋಗುವ ಗಂಡಸು ಅಂದು ತನ್ನ ಮಾನವನ್ನು ತಾನೇ ಕಾಪಾಡಿಕೊಳ್ಳಬೇಕು.

ಇಂಗ್ಲೆಂಡಿನಲ್ಲಿಯೂ ಮದುವೆಗೆ ಇಂಥ ಹಾಡು ವಿಧಿಯೇ ಆಗಿತ್ತು. 1589ರಲ್ಲಿ ಕಾವ್ಯಶಾಸ್ತ್ರವನ್ನು ಬರೆದ ಪಟ್ಟನ್‌ಹ್ಯಾಮನು, ಮದುಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತು ಹಾಡುವ ಮೊದಲ ಹಾಡನ್ನು ಬಹಳ ಗಟ್ಟಿಯಾಗಿ ಹಾಡಬೇಕೆಂದೂ ಒಳಗಿನ ಸದ್ದು ಹೊರಗಿನವರಿಗೆ ಕೇಳಿಸದಿರಲೆಂಬುದೇ ಅದರ ಪ್ರಯೋಜನವೆಂದೂ ಪಂಡಿತೋಚಿತವಾದ ಗಾಂಭೀರ್ಯದಿಂದ ವಿವರಿಸುತ್ತಾನೆ. ನಮ್ಮ ಒಸಗೆಯ ಹಾಡುಗಳಿಗೂ ಇಂಥದೊಂದು ಲಕ್ಷಣಗ್ರಂಥ ಬರೆಯುವ ಧೈರ್ಯ ನಮ್ಮ ಪಂಡಿತರಿಗೆ ಬರಲಿಲ್ಲ.

ರಂಗದ ಮೇಲಣ ಪೋಲಿತನದಲ್ಲಿಯೂ ಎರಡು ನಾಡುಗಳು ಒಂದೇ ಗುಟ್ಟನ್ನು ಅರಿತಿದ್ದವು. ಲಂಡನ್ನಿನಲ್ಲಿ ದುರಂತನಾಟಕವು ಮುಗಿದು ಹೆಣಗಳು ರಂಗದ ಮೇಲೆ ಬಿದ್ದಿರುವಾಗಲೇ ವಿದೂಷಕರು ಬಂದು ‘ಜಿಗ್’ ಎಂಬ ಹಾಡುಕುಣಿತದ ಪ್ರಹಸನವನ್ನು ಆಡುತ್ತಿದ್ದರು. ಮೋಸಹೋದ ಗಂಡ, ಜಾಣೆಯಾದ ಹೆಂಡತಿ, ಗೂಡೆಯಲ್ಲಿ ಅಡಗುವ ಮಿಂಡ ಇವರೇ ಅದರ ಪಾತ್ರಗಳು. ಅದರಿಂದ ಕಳ್ಳರೂ ಪುಂಡರೂ ನೆರೆದು ದೊಂಬಿಯಾಗುತ್ತದೆಂದು 1612ರಲ್ಲಿ ಮಿಡಲ್‌ಸೆಕ್ಸ್ ಪ್ರಾಂತದ ನ್ಯಾಯಾಧಿಪತಿಗಳು ಜಿಗ್ಗುಗಳನ್ನು ನಿಲ್ಲಿಸಿ ಆಜ್ಞೆ ಹೊರಡಿಸಿದರು. ಬಳ್ಳಾರಿ ಸೀಮೆಯಲ್ಲಿ ಈ ಕೆಲಸ ಕಿಳ್ಳೇಕ್ಯಾತನದು. ಮರಾಠಿಯನ್ನು ಮನೆಮಾತಾಗಿಟ್ಟುಕೊಂಡು, ಊರೂರು ಅಲೆದು, ಹದಮಾಡಿದ ತೊಗಲಿನ ಬಣ್ಣದ ಗೊಂಬೆಗಳನ್ನು ದೀಪದ ಮುಂದೆ ಕುಣಿಸುವ ಕಿಳ್ಳೇಕ್ಯಾತರ ಮೇಳದಲ್ಲಿ ರಾಮಾಯಣ ಮಹಾಭಾರತಗಳು ನಡೆಯುತ್ತಿರುವಾಗ, ನಡುನಡುವೆ ಪರದೆಯ ಮೇಲೆ ಕುರೂಪಿಯಾದ ಕಿಳ್ಳೇಕ್ಯಾತನೂ ಬಾಯಾಳಿಯಾದ ಬಂಗಾರಕ್ಕನೂ ಧುಮುಕುತ್ತಾರೆ. ಗೊಂಬೆಯ ಅಂಗಾಂಗಗಳಲ್ಲಿ ಮುಚ್ಚುಮರೆಯಿಲ್ಲ, ಮಾತಿನಲ್ಲಿ ಮೊದಲೇ ಇಲ್ಲ. ಊರಿನ ಶಾನುಭೋಗನ ಜಿಪುಣತನ, ಸಾಹುಕಾರನ ಗುಟ್ಟು, ಸೀತೆಯ ಶೋಕದ ಮಗ್ಗುಲಲ್ಲಿಯೇ ಬಂಗಾರಕ್ಕನ ಹಾದರ, ಎಲ್ಲವೂ ಹಾಡಾಗುತ್ತವೆ. ಮಳೆ ಹೋದಾಗ ಊರವರು ವಂತಿಗೆ ಕೂಡಿಸಿ ಇವರನ್ನು ಕರೆಸಿ ಆಡಿಸುತ್ತಿದ್ದರೆಂಬುದನ್ನು ನೆನೆದರೆ, ಅಶ್ಲೀಲವು ಇಲ್ಲಿ ಬರಿಯ ನಗೆಗಷ್ಟೇ ಅಲ್ಲದೆ ನೆಲದ ಫಲಕ್ಕೂ ಸಂಬಂಧಪಟ್ಟುದಾಗಿತ್ತೆಂಬುದು ಸ್ಪಷ್ಟ. ಬರಗಾಲವನ್ನು ಬಲ್ಲ ಸೀಮೆ ಇದು. ಮುಂದೆ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯನ್ನು ಕೈಗೆತ್ತಿಕೊಂಡು ಅದರಲ್ಲಿ ಸ್ವಾತಂತ್ರ್ಯಸಂಗ್ರಾಮವನ್ನೂ ಗಾಂಧೀಜಿಯವರ ಚರಿತ್ರೆಯನ್ನೂ ಆಡಿಸಿ ಆ ಕಲೆಗೆ ಹೊಸ ಗೌರವವನ್ನು ದೊರಕಿಸಿಕೊಟ್ಟರು. ಅದಕ್ಕೆ ನಾಡು ಋಣಿ. ಆದರೆ ಬಾಪೂಜಿಯ ಪಕ್ಕದಲ್ಲಿ ಬಂಗಾರಕ್ಕನಿಗೆ ಎಡೆಯಿರುವುದು ಸಾಧ್ಯವಿಲ್ಲವಷ್ಟೆ.

ಊರಮ್ಮನ ಹಬ್ಬದ ಹಾಡು ಇವೆಲ್ಲಕ್ಕಿಂತ ಕಠೋರ. ಮಾದಿಗರಲ್ಲಿ ಆಸಾದಿಗಳೆಂಬ ಹಾಡುಗಾರರು ರಾತ್ರಿಯೆಲ್ಲ ಗುಡಿಯ ಮುಂದೆ ನಿಂತು ದೇವಿಯ ಕಥೆಯನ್ನು ಹೇಳುತ್ತ, ಆಕೆಯ ಮದುವೆಯ ಮೋಸವನ್ನು ಹಾಡುತ್ತ, ಒಮ್ಮೊಮ್ಮೆ ಆಕೆಯನ್ನೇ ಕೇಳಬಾರದ ಮಾತುಗಳಿಂದ ಬೈಯುತ್ತಾರೆ. ಆ ಬೈಗುಳಿಂದ ತಾಯಿ ಸಂಪ್ರೀತಳಾಗುತ್ತಾಳೆಂಬುದು ನಂಬಿಕೆ. ಅದೇ ಮಾದಿಗರಲ್ಲಿ ದೇವಿಯ ಹೆಸರಿನಲ್ಲಿ ಮಾತಂಗಿಯಾದವಳು ಜಾತಿಯ ಹೆಚ್ಚುಕಡಮೆಯನ್ನೆಣಿಸದೆ ಎಲ್ಲರ ಮೇಲೆ ಉಗುಳಿ, ಎಲ್ಲರನ್ನೂ ಹೆಸರು ಹಿಡಿದು ಜರೆಯುವಳು. ವರ್ಷವಿಡೀ ಅವಳ ನೆರಳನ್ನು ದೂರವಿಟ್ಟವರು ಅಂದು ಅವಳ ಎಂಜಲಿಗಾಗಿ ಕಾದು ನಿಲ್ಲುವರು. ಇದನ್ನು ಕಂಡು ಸಾಮಾಜಿಕ ಸಮಾನತೆಯ ಹಬ್ಬವೆಂದು ಹಿಗ್ಗುವ ವಿದ್ವಾಂಸರೊಡನೆ ನನಗೆ ಪೂರ್ಣ ಸಮ್ಮತಿಯಿಲ್ಲ. ಹಬ್ಬ ಮುಗಿದ ಮರುದಿನ ಮಾತಂಗಿಯು ಮತ್ತೆ ತನ್ನ ಕೇರಿಗೇ ಹೋಗಬೇಕಾಗಿತ್ತು. ಬಳ್ಳಾರಿ ಜಿಲ್ಲೆಯ ಬಸವಿಯರನ್ನು ಕುರಿತು ಫ್ರೆಡ್ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ 1890ರ ಸುಮಾರಿಗೆ ಬರೆದ ಪ್ರಬಂಧವನ್ನು ಓದಿದರೆ, ದೇವರಿಗೆ ಬಿಟ್ಟ ಹೆಣ್ಣಿಗೆ ಗಂಡುಮಗನ ಆಸ್ತಿಯ ಹಕ್ಕು ಹೇಗೆ ಬರುತ್ತಿತ್ತೆಂಬುದೂ ತಿಳಿಯುತ್ತದೆ. ಅವಳ ದೇಹದ ಮೇಲೆ ಊರಿಗೆ ಎಂಥ ಸಲಿಗೆ ಹುಟ್ಟುತ್ತಿತ್ತೆಂಬುದೂ ತಿಳಿಯುತ್ತದೆ. ಅಂಥವಳನ್ನು ಹೆಸರಿಸಿ ಕಟ್ಟಿದ ಹೋಳಿಪದಕ್ಕೆ ಅವಳು ಯಾವ ಚಪ್ಪರದಲ್ಲಿ ಕುಳಿತು ಉತ್ತರ ಕೊಡಬೇಕಾಗಿತ್ತು? ಮದರಾಸ್ ಸರಕಾರವು 1947ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಕಾನೂನಿನಿಂದ ನಿಷೇಧಿಸಿದಾಗ ಬಳ್ಳಾರಿ ಆ ಪ್ರಾಂತದಲ್ಲಿಯೇ ಇದ್ದಿತು. ಹಳೆಯ ಪೋಲಿಪದಗಳ ಗುಣಗಾನ ಮಾಡುವವನು ಈ ಕೇರಿಯನ್ನು ಬಳಸಿಕೊಂಡು ಹೋಗಕೂಡದು.

ಈಗ ತೊಳೆಯುವವರ ವಿಚಾರ. ಎಲಿಜಬೆತಳ ಕಾಲದ ಕೊನೆಯಲ್ಲಿಯೇ, 1599ರ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಇಬ್ಬರು ಧರ್ಮಾಧ್ಯಕ್ಷರು ಕೆಲವು ವಿಡಂಬನೆಗಳನ್ನೂ ಓವಿಡ್ಡನ ಶೃಂಗಾರಪದ್ಯಗಳಿಗೆ ಮಾರ್ಲೋ ಮಾಡಿದ ಅನುವಾದವನ್ನೂ ಹುಡುಕಿ ಸುಡಿಸಿದರು. ತರುವಾಯದ ಶತಮಾನಗಳಲ್ಲಿ ಸುಡುವ ಶ್ರಮ ಬೇಕಾಗಲಿಲ್ಲ, ಆರಿಸುವುದೇ ಸಾಕಾಯಿತು. ಹಳೆಯ ಹಾಡುಗಳ ಒಂದು ಕೈಬರಹದ ಕಟ್ಟು ಥಾಮಸ್ ಪರ್ಸಿಗೆ ಸಿಕ್ಕಾಗ ಆ ಮನೆಯ ದಾಸಿಯರು ಅದರ ಹಾಳೆಗಳಿಂದ ಒಲೆಹೊತ್ತಿಸುತ್ತಿದ್ದರು. ಅವನು ಅದನ್ನು ಉಳಿಸಿ, ತಿದ್ದಿ, ಸಭ್ಯವಾದುದನ್ನು 1765ರಲ್ಲಿ ಪ್ರಕಟಿಸಿ ಕೀರ್ತಿ ಪಡೆದನು. ಆ ಕಟ್ಟಿನಲ್ಲಿದ್ದ ಪೋಲಿ ಹಾಡುಗಳು ಬೇರೆಯದೇ ಸಂಪುಟವಾಗಿ ಹೊರಬರಲು 1868ರವರೆಗೆ ಕಾಯಬೇಕಾಯಿತು. 1861ರ ಪಾಲ್‌ಗ್ರೇವನ ‘ಗೋಲ್ಡನ್ ಟ್ರೆಷರಿ’ ಸಂಕಲನದಲ್ಲಿ ಎಲಿಜಬೆತಳ ಯುಗದ ಭಾವಗೀತೆಗಳು ಹೂವಿನ ತೋಟದಂತೆ ಕಾಣುತ್ತವೆ. ಗೊಬ್ಬರದ ವಾಸನೆ ಎಲ್ಲಿಯೂ ಇಲ್ಲ. ನಮ್ಮ ಹಿರಿಯರು ಕಾಲೇಜುಗಳಲ್ಲಿ ಓದಿದ್ದು ಈ ಸಂಕಲನವನ್ನೇ, ಆದ್ದರಿಂದ ಇಂಗ್ಲಿಷರ ಹಾಡೆಂದರೆ ಇಷ್ಟು ನಿರ್ಮಲವಾದುದು, ನಮ್ಮ ಹೋಳಿಯ ಹಾಡು ನಾಚಿಕೆಗೇಡು ಎಂಬ ತಾರತಮ್ಯ ಅವರ ಮನಸ್ಸಿನಲ್ಲಿ ಮೂಡಿದ್ದು ಸಹಜ. ಒಬ್ಬರ ತೊಳೆದ ಬಟ್ಟೆಯನ್ನು ಇನ್ನೊಬ್ಬರ ಕೆಲಸದ ಬಟ್ಟೆಯೊಡನೆ ತೂಗಿ ನೋಡಿದಂತಾಯಿತು.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಬೈಬಲನ್ನು ಕನ್ನಡಕ್ಕೆ ತಂದನು. ಅವನ ಜೊತೆಯ ವಿಲಿಯಂ ರೀವನು ಕನ್ನಡದ ದೊಡ್ಡ ನಿಘಂಟನ್ನು ಮಾಡಿದನು. ಭಾಷೆಗೆ ಇಷ್ಟು ಸೇವೆ ಸಲ್ಲಿಸಿದ ಈ ಪಾದ್ರಿಗಳಿಗೆ ಜಾತ್ರೆಯ ಹಾಡಿನ ಬಗೆಗೆ ಸ್ಟಬ್ಸನದೇ ಅಭಿಪ್ರಾಯವಿದ್ದಿತೆಂದರೆ ಆಶ್ಚರ್ಯಪಡಬೇಕಾದುದಿಲ್ಲ. 1871ರಲ್ಲಿ ಚಾರ್ಲ್ಸ್ ಗೋವರನು ದಕ್ಷಿಣದ ಜನಪದ ಹಾಡುಗಳೆಂದು ಪುಸ್ತಕ ಮಾಡಿದಾಗ ಕನ್ನಡದ ಪಾಲಿಗೆ ಅವನು ಆರಿಸಿಕೊಂಡದ್ದು ಹೆಚ್ಚಾಗಿ ದಾಸರ ಪದಗಳನ್ನು. ನಮ್ಮವರು ಹಾಡು ಕೂಡಿಸಹೊರಟಾಗಲೂ ಈ ಎಚ್ಚರ ಬಿಡಲಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ಅಮೂಲ್ಯ ಸಂಕಲನಕ್ಕೆ ‘ಗರತಿಯ ಹಾಡು’ ಎಂದೇ ಹೆಸರು. ಅದರಲ್ಲಿರುವ ತಾಯಿ, ತಂಗಿ, ಹೆಂಡತಿಯರ ದನಿಗಳು ಕನ್ನಡದ ಶಾಶ್ವತ ಸಂಪತ್ತು. ಆದರೆ ಆ ಗರತಿಯೇ ಬೀಗರ ಚಪ್ಪರದಲ್ಲಿ ಎಂಥ ಪದಗಳನ್ನು ಹಾಡಿದ್ದಳೆಂಬುದಕ್ಕೆ ಅಂಥ ಸಂಪುಟವೊಂದು ಹುಟ್ಟಲಿಲ್ಲ. ತೆಲುಗಿನಲ್ಲಿ ಇದಕ್ಕಿಂತ ಕಟುವಾದ ಘಟನೆ ನಡೆಯಿತು. ತಂಜಾವೂರಿನ ಆಸ್ಥಾನದ ಮುದ್ದುಪಳನಿಯೆಂಬಾಕೆ ಬರೆದ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯವನ್ನು, ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು 1910ರಲ್ಲಿ ಪೂರ್ಣರೂಪದಲ್ಲಿ ಪ್ರಕಟಿಸಿದರು. ಮರುವರ್ಷವೇ ಮದರಾಸ್ ಸರಕಾರವು ಅಶ್ಲೀಲವೆಂದು ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಗಂಡುಕವಿಗಳು ಇದೇ ಶೃಂಗಾರವನ್ನು ಇಷ್ಟೇ ಬಿಚ್ಚಿ ಬರೆದಾಗ ನಾಚದವರು ಹೆಣ್ಣು ಬರೆದಾಗ ಮಾತ್ರ ಏಕೆ ನಾಚುತ್ತಾರೆಂದು ನಾಗರತ್ನಮ್ಮನವರು ಕೇಳಿದ ಪ್ರಶ್ನೆ ಚರಿತ್ರೆಯಲ್ಲಿ ಉಳಿದಿದೆ.

1860ರ ದಂಡಸಂಹಿತೆಯ 294ನೆಯ ಕಲಮು ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲವಾದ ಹಾಡನ್ನಾಗಲಿ ಲಾವಣಿಯನ್ನಾಗಲಿ ಹಾಡಿ ಇತರರಿಗೆ ಕಿರಿಕಿರಿಯುಂಟುಮಾಡಿದವನಿಗೆ ಮೂರು ತಿಂಗಳವರೆಗೆ ಸೆರೆವಾಸವನ್ನು ವಿಧಿಸಿತು. ಯಾರಿಗೆ ಕಿರಿಕಿರಿಯಾಯಿತೆಂದು ಕಾನೂನು ಕೇಳುತ್ತದೆ. ಹಳೆಯ ಊರು ಕೇಳುತ್ತಿದ್ದದ್ದು ಇವತ್ತು ಯಾವ ತಿಥಿಯೆಂದು. ಈ ಎರಡು ಪ್ರಶ್ನೆಗಳ ನಡುವಣ ಅಂತರದಲ್ಲಿಯೇ ಹೋಳಿಯ ಹಾಡು ಇಷ್ಟು ದಿನ ತಲೆತಪ್ಪಿಸಿಕೊಂಡು ಬದುಕಿತು.

ಷೇಕ್ಸ್‌ಪಿಯರನು ಬಳ್ಳಾರಿಗೆ ಬಂದ ಬಗೆಯನ್ನು ಇಲ್ಲಿ ಮರೆಯಬಾರದು. ವಕೀಲರೂ ಮಹಾನಟರೂ ಆದ ಬಳ್ಳಾರಿ ರಾಘವರು ಇಲ್ಲಿ ಷೇಕ್ಸ್‌ಪಿಯರ್ ಕ್ಲಬ್ಬನ್ನು ಕಟ್ಟಿ ಆ ಕವಿಯ ನಾಟಕಗಳನ್ನು ಆಡಿದರು. 1928ರಲ್ಲಿ ಇಂಗ್ಲೆಂಡಿಗೂ ಹೋಗಿಬಂದರು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಈ ಊರಿನಲ್ಲಿ ಕಟ್ಟಿದ ನಾಟಕಮಂಡಲಿಗೆ ಸರಸವಿನೋದಿನಿಯೆಂದು ಹೆಸರು. ಷೇಕ್ಸ್‌ಪಿಯರನ ದುರಂತನಾಟಕವೊಂದರಲ್ಲಿ ಮತಿಭ್ರಮಣೆಯಾದ ಒಫೀಲಿಯಾ ಅರಮನೆಯ ನಡುವೆ ನಿಂತು ಬೀದಿಯ ಪೋಲಿ ಪದಗಳನ್ನು ಹಾಡುತ್ತಾಳೆ. ಸುಸಂಸ್ಕೃತೆಯಾದ ಕನ್ಯೆಯ ಬಾಯಲ್ಲಿ ಆ ಹಾಡು ಎಲ್ಲಿಂದ ಬಂತೆಂದು ಕೇಳುವವರು, ಆಕೆಯನ್ನು ಸಾಕಿದ ದಾದಿಯರನ್ನು ನೆನೆಯಬೇಕು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ರಾಘವರು ಹಟಹಿಡಿದು, ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದುದರ ಬೆಲೆ ದೊಡ್ಡದು. ಏಕೆಂದರೆ ಲಂಡನ್ನಿನಲ್ಲಿಯೂ ನಮ್ಮಲ್ಲಿಯೂ ಹೆಣ್ಣಿನ ಸರಸವನ್ನು ಗಂಡುಹುಡುಗರೇ ಹಾಡಿ ತೋರಿಸುತ್ತಿದ್ದರು. ಇದೇ ನೆಲದಲ್ಲಿ ಸುಭದ್ರಮ್ಮ ಮನ್ಸೂರರು ದ್ರೌಪದಿಯಾಗಿ ನಿಂತು ರಂಗಗೀತೆಯನ್ನು ಎತ್ತಿದಾಗ, ರಂಗದ ಹಾಡು ಕೊನೆಗೂ ಹೆಣ್ಣಿನ ಬಾಯಿಗೇ ದಕ್ಕಿತ್ತು.

ಇಂದಿನ ಹಾಡಿಗೆ ಬರೋಣ. ಸಿನಿಮಾದ ಗೀತೆ, ತರುವಾಯ ಕ್ಯಾಸೆಟ್ಟು, ಈಗ ಮೊಬೈಲು. ಜಾನಪದವೆಂಬ ಹಣೆಪಟ್ಟಿ ಅಂಟಿಸಿಕೊಂಡು ಹೊರಬರುವ ಡಬಲ್ ಮೀನಿಂಗ್ ಹಾಡುಗಳು ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡುಗಳಲ್ಲಿಯೂ ಸಿರುಗುಪ್ಪದ ಭತ್ತದ ಟ್ರ್ಯಾಕ್ಟರುಗಳ ಡೆಕ್ಕಿನಲ್ಲಿಯೂ ವರ್ಷದ ಮುನ್ನೂರರವತ್ತೈದು ದಿನವೂ ಬಾರಿಸುತ್ತವೆ. ಇವು ಹಳೆಯವಕ್ಕಿಂತ ಹೆಚ್ಚು ಅಶ್ಲೀಲವೆಂದು ಮೂಗುಮುರಿಯುವವರ ಪಂಗಡಕ್ಕೆ ನಾನು ಸೇರಲಾರೆ. ಹಳೆಯವನ್ನು ಕೇಳಿದ್ದರೆ ಅವರು ಹಾಗೆನ್ನುತ್ತಿರಲಿಲ್ಲ. ಮಾತಿನ ಮೊನಚನ್ನು ನೋಡಿದರೆ ಇಂದಿನವು ಸಪ್ಪೆ. ಹೊಲ, ಗದ್ದೆ, ಒರಳು, ಒನಕೆ, ಬಾವಿ, ಹಗ್ಗಗಳಿಂದ ಎರಡರ್ಥವನ್ನು ಹೊಮ್ಮಿಸುವ ಜಾಣ್ಮೆಯ ಜಾಗದಲ್ಲಿ ಈಗ ಒಂದೇ ಅರ್ಥವನ್ನು ಹತ್ತು ಬಾರಿ ಹೇಳುವ ದುಡುಕು ಕಾಣಿಸುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಹಳೆಯ ಪೋಲಿ ಪದಕ್ಕೆ ತಿಥಿಯೂ ಇತ್ತು, ಎದುರಿಗೆ ಕುಳಿತು ಮರುಪದ ಹಾಕುವವಳೂ ಇದ್ದಳು. ಇಂದಿನದಕ್ಕೆ ಎರಡೂ ಇಲ್ಲ. ಬಸ್ ನಿಲ್ದಾಣದಲ್ಲಿ ನಿಂತ ಕಾಲೇಜಿನ ಹುಡುಗಿಯ ಕಿವಿಗೆ ಟ್ರ್ಯಾಕ್ಟರಿನಿಂದ ಅಪ್ಪಳಿಸುವ ಹಾಡಿಗೆ ಅವಳು ಏನೆಂದು ಉತ್ತರ ಕೊಡಬೇಕು? ಯಂತ್ರಕ್ಕೆ ಸೋದರಮಾವನಿಲ್ಲ, ಅವನಿಗೆ ಹೊಟ್ಟೆಯಿಲ್ಲ. ಮದುವೆಯ ಮಂಟಪಗಳಲ್ಲಿಯೂ ಡಿಜೆ ಹಚ್ಚಿದ ಮೇಲೆ ಬೀಗಿತ್ತಿಯರ ದನಿ ಕೇಳಿಸುವುದಿಲ್ಲ. ಬೈಯುವ ಹಕ್ಕನ್ನು ಅವರಿಂದ ಯಾವ ಪಾದ್ರಿಯೂ ಯಾವ ಕಲಮೂ ಕಸಿದುಕೊಂಡಿರಲಿಲ್ಲ, ಸದ್ದಿನ ಪೆಟ್ಟಿಗೆ ಕಸಿದುಕೊಂಡಿತು.

ಜನ್ನನು 1209ರಲ್ಲಿ ಮುಗಿಸಿದ ಯಶೋಧರಚರಿತೆಯಲ್ಲಿ ರಾಣಿ ಅಮೃತಮತಿಯು ಇರುಳಿನಲ್ಲಿ ಮಾವಟಿಗನೊಬ್ಬನು ಹಾಡಿಕೊಳ್ಳುವ ದನಿಯನ್ನು ಕೇಳಿ, ಅವನ ರೂಪವನ್ನು ಕಾಣುವ ಮುನ್ನವೇ ಮನಸೋಲುತ್ತಾಳೆ. ಅವನು ಅಷ್ಟಾವಂಕನೆಂದು ತಿಳಿದ ಮೇಲೂ ಆ ಸೋಲು ಹಿಂದೆಗೆಯುವುದಿಲ್ಲ. ಕವಿಗೆ ಅದು ಪಾಪದ ದೃಷ್ಟಾಂತ. ಆ ಮಾವಟಿಗನು ಹಾಡಿದ್ದೇನೆಂಬುದನ್ನು ಜನ್ನನು ಹೇಳಲಿಲ್ಲ. ಸರಸ ಪದವೋ ಪೋಲಿ ಪದವೋ ಬರಿಯ ಆಲಾಪವೋ ಎಂದು ಓದುಗರು ಇಂದಿಗೂ ಊಹಿಸಬೇಕಾಗಿದೆ. ಹಂಪೆಯಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯದ ತರುಣ ಸಂಶೋಧಕರು ಮುಂದಿನ ಫಾಲ್ಗುಣದಲ್ಲಿ ಕುರುಗೋಡಿನ ಕಡೆಗೆ ಹೊರಟರೆ, ಹಲಿಗೆಯ ಹುಡುಗರನ್ನು ಆಮೇಲೆ ಕೇಳಲಿ. ಮೊದಲು ಎಪ್ಪತ್ತು ದಾಟಿದ ಬೀಗಿತ್ತಿಯರ ಮನೆಗೆ ಹೋಗಲಿ. ಗಂಡಸು ಕೇಳಿದರೆ ಅವರು ದೇವರನಾಮ ಹಾಡಿ ಕಳುಹಿಸುವರು. ಆದುದರಿಂದ ಹೋಗುವವರು ಹೆಣ್ಣುಮಕ್ಕಳಾಗಿರುವುದು ಲೇಸು.